ಆಕಾಶದ್ದೋ, ನಮ್ಮ ಡಬ್ಬಿಯದ್ದೋ

ನಿವೃತ್ತಳಾಗಿ ಬೈಲಹೊಂಗಲಕ್ಕೆ ವಾಪಸು ಬಂದ ಹೊಸದರಲ್ಲಿ ಎದುರುಮನೆಯ ಶಾಂತಕ್ಕ ಬಾಗಿಲಿಗೆ ಬಂದು ನಿಂತರು. “ನೀಲಕ್ಕಾರ, ನೀವು ಗ್ಯಾಸ್ ತುಂಬೋ ಕೆಲಸದಾಗ ಇದ್ರಿ ಅಂತ ನಿಮ್ಮ ತಮ್ಮ ಹೇಳಿದ್ರು. ನಮ್ಮ ಸಿಲಿಂಡರ್ ಬುಕ್ ಮಾಡಿ ಇಪ್ಪತ್ತು ದಿನ ಆತ್ರಿ. ಯಾರಿಗರೆ ಒಂದು ಮಾತು ಹೇಳ್ರೆಲ್ಲ.”

ತಮ್ಮ ಹೇಳಿದ್ದು ಸುಳ್ಳಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ನಾನು ಗ್ಯಾಸ್ ತುಂಬಿದವಳೇ. ಆದರೆ ಅದು ಝೆನಾನ್ ಅನ್ನುವ ಅನಿಲ. ತುಂಬುತ್ತಿದ್ದದ್ದು ನಕ್ಷತ್ರಗಳಿಂದ ಬರುವ ಕ್ಷ-ಕಿರಣ ಎಣಿಸುವ ಪೆಟ್ಟಿಗೆಗೆ. ಇದನ್ನು ಶಾಂತಕ್ಕನಿಗೆ ಬಿಡಿಸಿ ಹೇಳಿದೆ. ಅವರು ಗಲ್ಲದ ಮೇಲೆ ಕೈಯಿಟ್ಟು ಕೇಳಿ, “ಅಲ್ರೀ, ಅಷ್ಟು ದೂರದಿಂದ ಬಂದದ್ದು ನಕ್ಷತ್ರದ್ದ ಐತಿ ಅಂತ ಆ ಪೆಟ್ಟಿಗಿಗೆ ಹೆಂಗ ತಿಳೀತಿತ್ತು?” ಅಂದರು.

ನಿಜ ಹೇಳಬೇಕೆಂದರೆ ಪೆಟ್ಟಿಗೆಗೆ ತಿಳಿಯುತ್ತಿರಲಿಲ್ಲ. ಎಷ್ಟೋ ಸಲ ನಮಗೂ ತಿಳಿಯುತ್ತಿರಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರುವ ನೀವು ಪಾಠದ ಪುಸ್ತಕ ಓದಿಕೊಂಡು ಬರುತ್ತೀರಿ. ಪುಸ್ತಕದಲ್ಲಿ ಎಲ್ಲ ಖಾತ್ರಿ ಇರುತ್ತದೆ. ಹಾಗಾಗಿ ಖಾತ್ರಿ ಇಲ್ಲದ ಒಂದು ಪ್ರಸಂಗವನ್ನು ನಿಮಗಾಗಿ ಬರೆಯಬೇಕು ಅನ್ನಿಸಿತು. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಅನ್ನುವುದರಿಂದ ನಿಮಗೇನೂ ಉಪಯೋಗವಿಲ್ಲ.

ಮೊದಲು ಪೆಟ್ಟಿಗೆಯ ವಿಷಯ. ಲ್ಯಾಬಿನಲ್ಲಿ ನಾವೆಲ್ಲ ಅದನ್ನು ಡಬ್ಬಿ ಅನ್ನುತ್ತಿದ್ದೆವು. ಹಳೆಯ ಟ್ರಂಕಿನಷ್ಟು ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆ. ಕಿರಣ ಒಳಗೆ ಬರಲು ಒಂದು ಬದಿಗೆ ತೆಳ್ಳಗಿನ ಕಿಟಕಿ. ಅದರ ಮೇಲೆ ಜೇನುಹಟ್ಟಿಯಂಥ ಲೋಹದ ಜಾಲರಿ. ಜಾಲರಿ ಇರುವುದರಿಂದ ಡಬ್ಬಿ ತನ್ನ ಮುಖದ ನೇರಕ್ಕಿರುವ ಆಕಾಶದ ಚೂರನ್ನಷ್ಟೇ ನೋಡುತ್ತದೆ. ಒಳಗೆ ಕೂದಲಿಗಿಂತ ಸಣ್ಣ, ಚಿನ್ನ ಲೇಪಿಸಿದ ತಂತಿಗಳ ಸಾಲು. ಸುತ್ತಲೂ ಝೆನಾನ್, ಅದರ ಜೊತೆ ತುಸು ಮಿಥೇನ್. ತಂತಿಗೆ ಸಾವಿರಗಟ್ಟಲೆ ವೋಲ್ಟಿನ ವಿದ್ಯುತ್ತು. ಕ್ಷ-ಕಿರಣವೊಂದು ಒಳಗೆ ಬಂದು ಝೆನಾನಿನ ಪರಮಾಣುವಿಗೆ ತಗುಲಿದರೆ ಅದರಿಂದ ಒಂದು ಎಲೆಕ್ಟ್ರಾನು ಕಿತ್ತು ಬರುತ್ತದೆ. ಅದು ಓಡುವ ದಾರಿಯಲ್ಲಿ ಇನ್ನಷ್ಟು ಎಲೆಕ್ಟ್ರಾನುಗಳನ್ನು ಕೆಡವುತ್ತದೆ. ಎಲ್ಲವೂ ತಂತಿಯ ಕಡೆಗೆ ಸರಿದು, ತಂತಿಯ ಹತ್ತಿರ ಬಂದೊಡನೆ ಒಂದಕ್ಕೆ ಸಾವಿರವಾಗಿ ಹೆಚ್ಚಿಕೊಂಡು ಒಂದು ಸಣ್ಣ ಮಿಡಿತವಾಗುತ್ತವೆ. ಕಿರಣದ ಶಕ್ತಿ ಹೆಚ್ಚಿದ್ದರೆ ಮಿಡಿತ ದೊಡ್ಡದು, ಕಡಿಮೆ ಇದ್ದರೆ ಸಣ್ಣದು. ಆ ಮಿಡಿತಗಳನ್ನು ಎಣಿಸಬೇಕು, ಅಳೆಯಬೇಕು. ಕೆಲಸ ಇಷ್ಟೇ.

ಆದರೆ ಮಿಡಿತ ಏಳಲು ನಕ್ಷತ್ರವೇ ಬೇಕಂತಿಲ್ಲ. ಬಾಹ್ಯಾಕಾಶದಿಂದ ಯಾವಾಗಲೂ ಸುರಿಯುವ ಬೇರೆ ಕಣಗಳಿಂದ ಏಳುತ್ತದೆ. ತಂತಿಯ ಮೇಲೆ ಧೂಳು ಕೂತರೆ ಏಳುತ್ತದೆ. ಅನಿಲ ಸೋರಿ ಒತ್ತಡ ಇಳಿಯುತ್ತ ಹೋದರೆ ಮಿಡಿತಗಳು ದೊಡ್ಡವಾಗಿ, ಲೆಕ್ಕಕ್ಕೆ ಬಾರದ ಸಣ್ಣಪುಟ್ಟವೂ ಲೆಕ್ಕದಲ್ಲಿ ಸೇರಿಕೊಳ್ಳುತ್ತವೆ. ಅದಕ್ಕೇ ಪ್ರತಿಯೊಂದು ಏರಿಳಿತಕ್ಕೂ ನಾವು ಕೇಳಬೇಕಾದ ಪ್ರಶ್ನೆ ಒಂದೇ ಆಗಿತ್ತು: ಇದು ಆಕಾಶದ್ದೋ, ನಮ್ಮ ಡಬ್ಬಿಯದ್ದೋ?

ಕಿತ್ತೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಸಾಲಿ ಕಲಿತು, ಡಿಪ್ಲೊಮಾ ಮುಗಿಸಿ ನಾನು ಈ ಡಬ್ಬಿಗಳನ್ನು ಕಟ್ಟುವ ಸಂಶೋಧನಾ ಸಂಸ್ಥೆಗೆ ಸೇರಿದಾಗ ನನ್ನನ್ನು ತಂತಿ ಕಟ್ಟುವ ಮೇಜಿಗೆ ಕೂರಿಸಿದರು. ಕೈ ನಡುಗುವುದಿಲ್ಲ ಅನ್ನುವುದೊಂದೇ ನನ್ನ ಅರ್ಹತೆ. ತಂತಿಯ ತುದಿಗೆ ಸಣ್ಣ ತೂಕ ಇಳಿಬಿಟ್ಟು, ಬಿಗುವು ನೋಡಿ ಬೆಸುಗೆ ಹಾಕಬೇಕು. ಈಗ ಅದನ್ನು ಯಂತ್ರ ಮಾಡುತ್ತದಂತೆ. ನಾನು ಮೊದಲ ಸಲ ಕಟ್ಟಿದ ಡಬ್ಬಿಗೆ ವಿದ್ಯುತ್ತು ಕೊಟ್ಟಾಗ ಪರದೆಯ ಮೇಲೆ ಮಿಡಿತಗಳು ಸಾಲುಸಾಲಾಗಿ ಎದ್ದವು. ಎಂಥ ಚುರುಕು ಡಬ್ಬಿ ಅಂತ ನಾನು ಹಿಗ್ಗಿದೆ. ನಮ್ಮ ಮುಖ್ಯಸ್ಥರು ಪೆಂಡಸೆ ಸರ್. ಅವರು ಕನ್ನಡದವರಲ್ಲ. ಅವರ ಮಾತುಗಳನ್ನು ನನ್ನ ಕನ್ನಡದಲ್ಲೇ ಬರೆಯುತ್ತೇನೆ. ಬಾಯಲ್ಲಿ ಲವಂಗ ಹಾಕಿಕೊಂಡು ಬಂದವರು ಪರದೆ ನೋಡಿ, “ಛಾವಣಿ ಕೆಳಗೆ ಯಾವ ನಕ್ಷತ್ರ ಹುಟ್ಟಿತು, ನೀಲಾ?” ಅಂದರು. ಡಬ್ಬಿ ಬಿಚ್ಚಿಸಿದರು. ಭೂತಗನ್ನಡಿ ಹಿಡಿದು ನೋಡಿದರೆ ಒಂದು ತಂತಿಯ ತುದಿಯ ಹತ್ತಿರ ನನ್ನ ಹೆಬ್ಬೆರಳಿನ ಗುರುತು. ಯಾವಾಗಲೋ ಕೈಗವಸು ತೆಗೆದು ಮುಟ್ಟಿದ್ದೆ. ಬೆರಳಿನ ಜಿಡ್ಡು ಕಿಡಿ ಹಾರಿಸುತ್ತಿತ್ತು. ಸರ್ ಬಯ್ಯಲಿಲ್ಲ. ಎಲ್ಲ ತಂತಿ ಕಿತ್ತು ಮತ್ತೆ ಕಟ್ಟು ಅಂದರು. ಅದೇ ದೊಡ್ಡ ಬೈಗುಳ.

ಇನ್ನು ಆ ಪ್ರಸಂಗ.

ಕ್ಷ-ಕಿರಣಗಳು ನೆಲದವರೆಗೆ ಬರುವುದಿಲ್ಲ, ಮೇಲಿನ ಗಾಳಿಯೇ ಅವನ್ನು ನುಂಗಿಬಿಡುತ್ತದೆ. ಅದಕ್ಕೇ ಆಗ ನಾವು ದೊಡ್ಡ ಬಲೂನಿಗೆ ಡಬ್ಬಿ ಕಟ್ಟಿ ವಿಮಾನಗಳಿಗಿಂತ ಎಷ್ಟೋ ಮೇಲಕ್ಕೆ ಕಳಿಸುತ್ತಿದ್ದೆವು. ಕೆಲವು ಗಂಟೆ ಅಲ್ಲಿ ತೇಲುತ್ತ ನಕ್ಷತ್ರ ನೋಡುತ್ತದೆ, ಎಣಿಕೆಗಳನ್ನು ರೇಡಿಯೋ ಮೂಲಕ ಕೆಳಗೆ ಕಳಿಸುತ್ತದೆ. ಕೊನೆಗೆ ನೆಲದಿಂದ ಅಪ್ಪಣೆ ಕೊಟ್ಟರೆ ಹಗ್ಗ ಕತ್ತರಿಸಿಕೊಂಡು ಪ್ಯಾರಾಶೂಟಿನಲ್ಲಿ ಇಳಿಯುತ್ತದೆ. ಗಾಳಿ ಯಾವ ಕಡೆ ಒಯ್ಯುತ್ತದೋ ಆ ಕಡೆಯ ಯಾರದೋ ಹೊಲದಲ್ಲಿ.

ಆ ಸಲ ನಾವು ನೋಡಬೇಕಿದ್ದದ್ದು ರಾಜಹಂಸ ನಕ್ಷತ್ರಪುಂಜದಲ್ಲಿ ಕ್ಷ-ಕಿರಣ ಸೂಸುವ ಒಂದು ಆಕರ. ಅಲ್ಲಿ ಕಪ್ಪುರಂಧ್ರವೊಂದು ಪಕ್ಕದ ನಕ್ಷತ್ರದಿಂದ ಅನಿಲ ಎಳೆದುಕೊಳ್ಳುತ್ತದೆ ಅಂತ ಹೇಳುತ್ತಾರೆ. ಅದರ ಕ್ಷ-ಕಿರಣಕ್ಕೆ ತಾಳವಿಲ್ಲ, ಲಯವಿಲ್ಲ. ಈ ಕ್ಷಣ ಹೆಚ್ಚು, ಮರುಕ್ಷಣ ಕಡಿಮೆ. ಒಂದು ಡಬ್ಬಿ ಕೆಟ್ಟರೆ ಹೇಗೆ ತಡವರಿಸುತ್ತದೋ ಈ ಆಕರ ಚೆನ್ನಾಗಿದ್ದಾಗಲೂ ಹಾಗೇ. ಗೊಂದಲ ಬೇಕೆಂದರೆ ಅದಕ್ಕಿಂತ ಒಳ್ಳೆಯ ಆಕರ ಸಿಗಲಿಕ್ಕಿಲ್ಲ.

ಹಾರಾಟದ ಹಿಂದಿನ ದಿನ ಡಬ್ಬಿಯ ಮುಚ್ಚಳದ ರಬ್ಬರ್ ಬಳೆಯಲ್ಲಿ ಸಣ್ಣ ಸೀಳು ಕಂಡಿತು. ಅನಿಲ ಹೊರಹೋಗದಂತೆ ತಡೆಯುವುದು ಅದೇ ಬಳೆ. ನಾನು ಹೊಸದು ಹಾಕಿ, ಅನಿಲ ತುಂಬಿದೆ. ನಿಯಮದ ಪ್ರಕಾರ ತುಂಬುವ ಮೊದಲು ಹೀಲಿಯಂ ಬಿಟ್ಟು ಸೋರಿಕೆ ಪರೀಕ್ಷೆ ಮಾಡಬೇಕು, ಅದಕ್ಕೆ ಪೂರ್ತಿ ಒಂದು ದಿನ ಬೇಕು. ಅಷ್ಟರಲ್ಲಿ ಗಾಳಿ ಶಾಂತವಾಗಿದೆ, ನಾಳೆ ಬೆಳಿಗ್ಗೆಯೇ ಹಾರಿಸುತ್ತೇವೆ ಅಂತ ಬಲೂನಿನವರು ಹೇಳಿಬಿಟ್ಟರು. ಪರೀಕ್ಷೆಯ ಹಾಳೆಯಲ್ಲಿ ಹಳೆಯ ಬಳೆ ಇದ್ದಾಗ ಮಾಡಿದ ‘ಸೋರಿಕೆ ಇಲ್ಲ’ ಅನ್ನುವ ಗುರುತು ಇತ್ತು. ಅದನ್ನು ಹೊಡೆದುಹಾಕಬೇಕಿತ್ತು, ಹಾಕಲಿಲ್ಲ. ಸರ್ ಹಾಳೆ ತಿರುವಿ, “ಎಲ್ಲ ಆಗಿದೆಯಾ?” ಅಂದರು. “ಆಗಿದೆ ಸರ್” ಅಂದೆ. ಅರ್ಧ ಸೆಕೆಂಡಿನ ಮಾತು.

ಬೆಳಿಗ್ಗೆ ಬಲೂನು ಎದ್ದಿತು. ಡಬ್ಬಿಯ ಒಳಗಿನ ಒತ್ತಡ ತಿಳಿಸುವ ಮಾಪಕ ಮೇಲೇರುವಾಗಲೇ ಕೈಕೊಟ್ಟಿತು. ಉಳಿದದ್ದೆಲ್ಲ ಸರಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ, ಹಾರಾಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ, ಎಣಿಕೆ ಏರತೊಡಗಿತು. ಮೊದಲು ನಿಧಾನಕ್ಕೆ, ಆಮೇಲೆ ಒಮ್ಮೆಲೇ. ಹತ್ತು ನಿಮಿಷದಲ್ಲಿ ಎರಡು ಪಟ್ಟು, ಇನ್ನೂ ಮೇಲೆ. ಕೋಣೆಯಲ್ಲಿದ್ದವರೆಲ್ಲ ಎದ್ದು ನಿಂತರು.

ಇಂಥ ಹೊತ್ತಿನಲ್ಲಿ ಮಾಡಬೇಕಾದ್ದು ಎರಡು. ಡಬ್ಬಿಯ ಮುಖವನ್ನು ನಕ್ಷತ್ರದಿಂದ ಪಕ್ಕಕ್ಕೆ ತಿರುಗಿಸುವುದು. ಎಣಿಕೆ ಇಳಿದರೆ ಅದು ನಕ್ಷತ್ರದ್ದು, ಇಳಿಯದಿದ್ದರೆ ಡಬ್ಬಿಯದು. ಇನ್ನೊಂದು, ಡಬ್ಬಿಯ ಜೊತೆಗೇ ಕಳಿಸಿದ, ಶಕ್ತಿ ಎಷ್ಟೆಂದು ನಮಗೆ ಮೊದಲೇ ಗೊತ್ತಿರುವ ಕಿರಣಮೂಲದ ಮರೆ ತೆರೆದು ಮಿಡಿತ ಸರಿಯಾದ ಗಾತ್ರದಲ್ಲಿದೆಯೇ ನೋಡುವುದು. ಅಪ್ಪಣೆ ಕೊಡುವ ಗುಂಡಿಗಳ ಮುಂದೆ ಕೂತವಳು ನಾನೇ.

“ಸರ್, ಪಕ್ಕಕ್ಕೆ ತಿರುಗಿಸಲಾ?”

“ಬೇಡ,” ಅಂದರು. ಅವರ ಕಣ್ಣು ಪರದೆ ಬಿಟ್ಟು ಅಲ್ಲಾಡಲಿಲ್ಲ. “ಉಳಿದದ್ದೇ ಇಪ್ಪತ್ತು ನಿಮಿಷ. ಇದನ್ನು ಬಿಟ್ಟು ಖಾಲಿ ಆಕಾಶ ನೋಡುವುದೇ? ಹಾಗೇ ಇರಲಿ.”

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಆ ಹೊತ್ತಿಗೆ ನನ್ನ ಎದೆಯಲ್ಲಿ ರಬ್ಬರ್ ಬಳೆ ಕೂತುಬಿಟ್ಟಿತ್ತು. ಸೋರುತ್ತಿದ್ದರೂ ಎಣಿಕೆ ಹೀಗೇ ಏರುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಹೇಳಲಿಲ್ಲ. ಸಮಯ ಮುಗಿಯಿತು, ವಿದ್ಯುತ್ತು ಆರಿಸಿದೆವು, ಹಗ್ಗ ಕತ್ತರಿಸಿದೆವು. ಡಬ್ಬಿ ರಾಮದುರ್ಗ ತಾಲ್ಲೂಕಿನಲ್ಲಿ, ತೊರಗಲ್ ಕೋಟೆಯ ಆಚೆಗೆ ಇಳಿದಿದೆ ಅಂತ ಸುದ್ದಿ ಬಂತು. “ನಿನ್ನ ಸೀಮೆಯಲ್ಲೇ ಬಿತ್ತಲ್ಲ!” ಅಂತ ಎಲ್ಲರೂ ನಕ್ಕರು. ನನ್ನನ್ನು ಕಳಿಸುವುದೆಂದಾಯಿತು. ತಡೆಯಲಾರದೆ ಸರ್ ಕೂಡ ಜೀಪು ಹತ್ತಿದರು. ದಾರಿಯುದ್ದಕ್ಕೂ ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಆ ಏರಿಕೆಯ ಬಗ್ಗೆ ಲೇಖನ ಬರೆಯುತ್ತಲೇ ಬಂದರು.

ಮರುದಿನ ಹೊತ್ತೇರಿದ ಮೇಲೆ ಅಲ್ಲಿಗೆ ಮುಟ್ಟಿದೆವು. ಹತ್ತಿ ಬಿಡಿಸುವ ಕಾಲ. ಹೊಲದ ನಡುವೆ ಡಬ್ಬಿ ಓರೆಯಾಗಿ ಕೂತಿತ್ತು, ಅದರ ಮೇಲೊಂದು ಕೌದಿ ಹೊದಿಸಿದ್ದರು. ಹೊಲದವರು ಬಸಪ್ಪ, ಅವರ ಹೆಂಡತಿ ಗಂಗವ್ವ. ಬಸಪ್ಪ ಎದುರಿಗೆ ಬಂದು ಕೈಮುಗಿದರು.

“ಯಾರೂ ಮುಟ್ಟಿಲ್ಲರಿ ಸಾಹೇಬ್ರ. ಬಿದ್ದಾಗ ಒಂದೀಟು ಸುಸ್ಸ್ ಅಂತ ಅಂತಿತ್ತು. ಹಾವು ಗೀವು ಐತೇನೋ ಅಂತ ನಾ ದೂರನ ನಿಂತೆ.”

ನಾನು ಅದನ್ನು ಸರ್‌ಗೆ ಹೇಳಿದೆ. ಅವರ ಮುಖ ಅರಳಿತು. “ಅಂದರೆ ನೆಲಕ್ಕೆ ಬೀಳುವವರೆಗೂ ಒಳಗೆ ಅನಿಲ ಇತ್ತು! ಬಿದ್ದ ಹೊಡೆತಕ್ಕೆ ಸೋರಿದೆ, ಅಷ್ಟೇ. ಮೇಲೆ ಇದ್ದಾಗ ಡಬ್ಬಿ ಗಟ್ಟಿಯಾಗಿತ್ತು. ಕೇಳಿದೆಯಾ, ನೀಲಾ?”

ನನ್ನ ಜೀವವೂ ಹಗುರಾಯಿತು. ಹೌದಲ್ಲ, ಬಳೆ ಗಟ್ಟಿಯಾಗಿಯೇ ಇತ್ತು. ಸುಮ್ಮನೆ ಹೆದರಿದ್ದೆ.

ಆಗ ಗಂಗವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹತ್ತಿರ ಬಂದರು. “ಇಂವ ದೂರ ನಿಂತಿದ್ದ, ಇವಂಗೇನ್ ಗೊತ್ತು? ನಾ ಸನೇಕ ಹೋಗಿದ್ದೆ ತಂಗಿ. ನನ್ನ ಉಡ್ಯಾಗಿನ ಹತ್ತಿ ಅರಳಿ ಇಲ್ಲಿ ತಾಗಿತು ನೋಡು.” ಮುಚ್ಚಳದ ಸಂದಿಯನ್ನು ಬೆರಳಿಂದ ತೋರಿಸಿದರು. “ಬಿಡಿಸಾಕ ಹೋದ್ರ ಬರಲೇ ಇಲ್ಲ. ಅದು ಒಳಗ ಎಳಕೊಳ್ಳಾಕ ಹತ್ತಿತ್ತು. ಕೂಸು ಹಾಲು ಕುಡದಂಗ.”

“ಒಳಗ ಎಳಕೊಂತೇನ್ರಿ? ಹೊರಗ ಊದಲಿಲ್ಲೇನ್ರಿ?”

“ನಂಗ ಅಷ್ಟೂ ತಿಳ್ಯಾಂಗಿಲ್ಲೇನ? ಒಳಗಂದ್ರ ಒಳಗ. ನೋಡಬಾ, ಇನ್ನೂ ಐತಿ.”

ಮಂಡಿಯೂರಿ ನೋಡಿದೆ. ಸಂದಿಯಲ್ಲಿ ಹತ್ತಿಯ ಒಂದು ಎಳೆ. ಹೊರಗೆ ತುಸುವೇ ಉಳಿದಿತ್ತು, ಉಳಿದದ್ದು ಒಳಗೆ ಹೋಗಿತ್ತು. ಡಬ್ಬಿ ಗಾಳಿಯನ್ನು ಒಳಗೆ ಎಳೆದುಕೊಂಡಿದೆ ಅಂದರೆ ನೆಲಕ್ಕೆ ಬಂದಾಗ ಅದು ಬರಿದಾಗಿತ್ತು. ಬರಿದಾದದ್ದು ಮೇಲೆ, ಗಾಳಿಯೇ ಇಲ್ಲದ ಆ ಎತ್ತರದಲ್ಲಿ.

ಗಂಗವ್ವ ಏನೆಂದರು ಅಂತ ಸರ್ ಕೇಳಿದರು. ನಾನೇ ನಡುವಿನ ದುಭಾಷಿ. ಏನು ಹೇಳಿದರೂ ಅದೇ ಅವರಿಗೆ ನಿಜ. ಒಂದು ಕ್ಷಣ ಕೆಟ್ಟ ಯೋಚನೆ ಬಂತು, ಮುಚ್ಚಿಡುವುದಿಲ್ಲ. ಆದರೆ ಗಂಗವ್ವ ನನ್ನ ಬಾಯನ್ನೇ ನೋಡುತ್ತಿದ್ದರು. ಹೇಳಿದೆ. ಸರ್ ಸಂದಿಯ ಹತ್ತಿರ ಬಹಳ ಹೊತ್ತು ಕೂತರು. ಹತ್ತಿಯ ಎಳೆಯನ್ನು ಮುಟ್ಟಲಿಲ್ಲ.

ಗಂಗವ್ವ ನಮ್ಮನ್ನು ಹಾಗೇ ಕಳಿಸಲಿಲ್ಲ. ಬೇವಿನ ಗಿಡದ ನೆರಳಿನಲ್ಲಿ ಕೂರಿಸಿ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕೊಟ್ಟರು. “ಯಾಕ ಸಾಹೇಬ್ರು ಸಪ್ಪಗ ಆದ್ರಲ್ಲ? ನಾ ಏನರೆ ತಪ್ಪು ಹೇಳಿದ್ನೇನ?” ಅಂತ ನನ್ನ ಕಿವಿಯಲ್ಲಿ ಕೇಳಿದರು. ಇಲ್ಲ ಅಂದೆ.

ತಿರುಗಿ ಬರುವಾಗ ಸರ್ ಮಾತು ತೆಗೆದರು. “ಹಗ್ಗ ಕತ್ತರಿಸಿದ ಮೇಲೆ ಪ್ಯಾರಾಶೂಟು ಬಿಚ್ಚಿಕೊಳ್ಳುವಾಗ ಜೋರು ಝಟಕಾ ಬೀಳುತ್ತದೆ. ಅದೂ ಮೇಲೆಯೇ. ಆಗ ಸೋರಿದ್ದರೂ ಡಬ್ಬಿ ಹೀಗೇ ಬರಿದಾಗಿ ಬರುತ್ತದೆ. ಅಷ್ಟು ಹೊತ್ತಿಗೆ ನಮ್ಮ ಎಣಿಕೆ ಮುಗಿದಿತ್ತು. ಅಲ್ಲವೇ?”

ಹೌದು, ಅದೂ ಆಗಬಹುದಿತ್ತು. ಎಣಿಕೆ ಏರುವ ಮೊದಲೇ ಸೋರಿದ್ದರೆ ಅದು ಡಬ್ಬಿಯದು. ಏರಿ ಮುಗಿದ ಮೇಲೆ, ಝಟಕಾದಿಂದ ಸೋರಿದ್ದರೆ ಅದು ಆಕಾಶದ್ದು. ಹತ್ತಿಯ ಎಳೆ ಎರಡಕ್ಕೂ ಸಾಕ್ಷಿ. ಸರ್ ನನ್ನ ಮುಖ ನೋಡಿದರು. “ಬಳೆ ಹೊಸದು, ಪರೀಕ್ಷೆಯೂ ಆಗಿತ್ತು. ಹಾಗಾಗಿ ಝಟಕಾವೇ ಇರಬೇಕು.”

ಅಲ್ಲಿಗೆ ಬಂತು ನೋಡಿ. ಆ ಹಾಳೆಯ ಮೇಲಿನ ಗುರುತೊಂದರ ಮೇಲೆ ಅವರ ಇಡೀ ಲೇಖನ ನಿಂತಿತ್ತು. ಸವದತ್ತಿಯ ಬಸ್ ನಿಲ್ದಾಣದ ಹತ್ತಿರ ಡ್ರೈವರ್ ಚಹಾಕ್ಕೆ ನಿಲ್ಲಿಸಿದ. ಯಲ್ಲಮ್ಮನ ಗುಡ್ಡಕ್ಕೆ ಹೋಗುವವರ ಗದ್ದಲ. ಆ ಗದ್ದಲದಲ್ಲೇ ನಿಂತು ಹೇಳಿದೆ. “ಸರ್, ಹೊಸ ಬಳೆ ಹಾಕಿದ ಮೇಲೆ ಪರೀಕ್ಷೆ ಮಾಡಲಿಲ್ಲ. ಆ ಗುರುತು ಹಳೆಯದರದು. ನೀವು ಕೇಳಿದಾಗ ಸುಳ್ಳು ಹೇಳಿದೆ.”

ಅವರು ಕಪ್ಪು ಕೆಳಗಿಟ್ಟರು. ಕೆಲಸ ಹೋಯಿತು ಅಂದುಕೊಂಡೆ. ಅವರು ಕೇಳಿದ್ದು ಇಷ್ಟೇ: “ಹಾಗಾದರೆ ಡಬ್ಬಿಯೇ ಸೋರಿತ್ತು ಅನ್ನುತ್ತೀಯಾ?”

“ಗೊತ್ತಿಲ್ಲ ಸರ್.”

“ಸೋರಿರಲಿಲ್ಲ?”

“ಅದೂ ಗೊತ್ತಿಲ್ಲ ಸರ್.”

ಜೀಪು ಹತ್ತಿದ ಮೇಲೆ ಅವರು ಅಂದರು: “ನೀನು ಒಂದು ಪರೀಕ್ಷೆ ಬಿಟ್ಟೆ. ನಾನು ಎರಡು ಬಿಟ್ಟೆ. ತಿರುಗಿಸಲಾ ಅಂತ ನೀನು ಕೇಳಿದ್ದೆ, ಬೇಡ ಅಂದವನು ನಾನು. ಕಿರಣಮೂಲದ ಮರೆಯನ್ನೂ ತೆರೆಸಲಿಲ್ಲ. ಮೂರೂ ವರದಿಯಲ್ಲಿ ಬರಬೇಕು.” ಬಂದವು. ಅವರ ಕೈಬರಹದಲ್ಲೇ, ಅವರ ಹೆಸರು ಮೊದಲು, ನನ್ನದು ಆಮೇಲೆ. ಲೇಖನ ಹೊರಹೋಗಲಿಲ್ಲ. ಲ್ಯಾಬಿನಲ್ಲಿ ಡಬ್ಬಿ ಬಿಚ್ಚಿದಾಗ ಬಳೆ ಒಂದೆಡೆ ತಿರುಚಿಕೊಂಡಿತ್ತು, ಅದು ಕೂರುವ ತೋಡಿನಲ್ಲಿ ಹತ್ತಿಯ ಎಳೆ ಸುತ್ತಿಕೊಂಡಿತ್ತು. ನಾನು ಹಾಕುವಾಗಲೇ ತಿರುಚಿತ್ತೋ, ಝಟಕಾಕ್ಕೆ ತಿರುಚಿತೋ, ಅದನ್ನೂ ಯಾರೂ ಹೇಳಲಾರದಾದರು.

ಇಷ್ಟಕ್ಕೆ ಮುಗಿದಿದ್ದರೆ ಒಂದು ನೀತಿಕಥೆ ಆಗುತ್ತಿತ್ತೇನೋ. ಕೆಲವು ತಿಂಗಳ ಮೇಲೆ ಹೊರದೇಶದ ಒಂದು ಉಪಗ್ರಹದ ವರದಿ ನಮ್ಮ ಗ್ರಂಥಾಲಯಕ್ಕೆ ಬಂತು. ನಾವು ಬಲೂನು ಹಾರಿಸಿದ ಅದೇ ವಾರ ಆ ಆಕರ ಪದೇಪದೇ ಭುಗಿಲೆದ್ದಿತ್ತಂತೆ. ನಮ್ಮ ಆ ಇಪ್ಪತ್ತು ನಿಮಿಷದಲ್ಲಿ ಮಾತ್ರ ಅವರ ಉಪಗ್ರಹ ಭೂಮಿಯ ಆಚೆ ಮಗ್ಗುಲಲ್ಲಿತ್ತು, ಅವರಿಗೆ ಅದು ಕಂಡಿರಲಿಲ್ಲ. ಜೊತೆಯವರು ಎದುರಿಗೆ ಏನೂ ಅನ್ನಲಿಲ್ಲ. ಕ್ಯಾಂಟೀನಿನಲ್ಲಿ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಇವಳು ಬಾಯಿ ಮುಚ್ಚಿಕೊಂಡಿದ್ದರೆ ಆ ಭುಗಿಲನ್ನು ಮೊದಲು ಲೋಕಕ್ಕೆ ಹೇಳಿದವರು ನಾವೇ ಆಗುತ್ತಿದ್ದೆವು ಅನ್ನುವುದು ಅವರ ಮುಖದ ಮೇಲೆ ಬರೆದಿತ್ತು.

ನನಗೆ ದಿಕ್ಕು ತಪ್ಪಿತು. ಸುಳ್ಳು ಹೇಳಿಯೇ ಇದ್ದಿದ್ದರೆ ನಾವು ಬರೆದದ್ದು ನಿಜವೇ ಆಗಿರುತ್ತಿತ್ತೇ? ನಿಜ ಹೇಳಿ ನಾನು ನಿಜವಾದ ಒಂದನ್ನು ಹಾಳು ಮಾಡಿದೆನೇ? ಸರ್ ಕೋಣೆಗೆ ಹೋಗಿ ಇದನ್ನೇ ಕೇಳಿದೆ. ಅವರ ಮೇಜಿನ ಮೇಲೆ ಆ ವರದಿ ತೆರೆದಿತ್ತು.

“ಅವತ್ತಿನದು ನಕ್ಷತ್ರದ್ದೇ ಇರಬಹುದು,” ಅಂದರು.

“ಹಾಗಿದ್ದರೆ ನಾವು...”

“ಇದ್ದರೂ ನಮಗೆ ಗೊತ್ತಿರಲಿಲ್ಲ, ನೀಲಾ.”

ಆ ಮಾತಿನಿಂದ ಸಮಾಧಾನವಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಅರ್ಥವಾಗಲಿಕ್ಕೇ ವರ್ಷಗಳು ಹಿಡಿದವು, ಪೂರ್ತಿ ಆಗಿದೆಯೆಂದು ಈಗಲೂ ಹೇಳಲಾರೆ.

ಮುಂದಿನ ಋತುವಿನಲ್ಲಿ ಅದೇ ಆಕರಕ್ಕೆ ಮತ್ತೆ ಡಬ್ಬಿ ಕಳಿಸಿದೆವು. ಈ ಸಲ ಒತ್ತಡದ ಮಾಪಕಗಳು ಎರಡು. ಹಾಳೆಯಲ್ಲಿ ಗುರುತು ಹಾಕಲು ಇಬ್ಬರು. ಗುಂಡಿಗಳ ಮುಂದೆ ಮತ್ತೆ ನನ್ನನ್ನೇ ಕೂರಿಸಿದರು. ಯಾಕೆ ಅಂತ ಕೇಳುವ ಧೈರ್ಯವಾಗಲಿಲ್ಲ. ಬೆಳಗಿನಿಂದ ಎಣಿಕೆ ಎಂದಿನಂತೆ ತಡವರಿಸುತ್ತಲೇ ಇತ್ತು. ಮಧ್ಯಾಹ್ನ ದಾಟಿದ ಮೇಲೆ ಏರತೊಡಗಿತು. ನಿಧಾನಕ್ಕೆ, ಆಮೇಲೆ ಒಮ್ಮೆಲೇ. ಅದೇ ಏರು.

ಒತ್ತಡ ಇಳಿದಿರಲಿಲ್ಲ. ಆದರೂ ಮಾಪಕವನ್ನೇ ನಂಬುವುದು ಹೇಗೆ? ನಾನು ಸರ್ ಕಡೆ ತಿರುಗಿದೆ. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ತೀರ್ಮಾನ ನನಗೇ ಬಿಟ್ಟಿದ್ದಾರೆ ಅಂತ ತಿಳಿಯಿತು.

ಗುಂಡಿ ಒತ್ತಿದೆ. ಅಲ್ಲಿ ಮೇಲೆ ಡಬ್ಬಿ ಮೆಲ್ಲಗೆ ಮುಖ ತಿರುಗಿಸಿತು. ಏರುತ್ತಿದ್ದ ಎಣಿಕೆ ಜಾರಿತು, ಜಾರಿ ಜಾರಿ ಖಾಲಿ ಆಕಾಶದ ಮಟ್ಟಕ್ಕೆ ಬಂದು ನಿಂತಿತು. ಗೆರೆ ಅಲುಗಲಿಲ್ಲ. ನಾಲ್ಕು ನಿಮಿಷ ಹಾಗೇ ಬಿಟ್ಟೆ. ಮತ್ತೆ ನಕ್ಷತ್ರದ ಕಡೆ ತಿರುಗಿಸಿದೆ. ಎಣಿಕೆ ಎದ್ದಿತು, ಆದರೆ ಮೊದಲಿನಷ್ಟಲ್ಲ. ನಾವು ಆಚೆ ನೋಡುತ್ತಿದ್ದಾಗಲೇ ಭುಗಿಲು ತನ್ನ ತುದಿ ಮುಟ್ಟಿ ಇಳಿದುಹೋಗಿತ್ತು.

“ಹೋಯಿತು,” ಅಂದೆ. ನನ್ನ ಕಣ್ಣು ತುಂಬಿತ್ತು.

ಸರ್ ಮುಂದೆ ಬಗ್ಗಿ, ಪರದೆಯ ಮೇಲಿನ ಆ ಖಾಲಿ ನಾಲ್ಕು ನಿಮಿಷದ ಮೇಲೆ ಬೆರಳಿಟ್ಟರು.

“ಆಕಾಶದ್ದೇ,” ಅಂದರು.